ಕಾವೇರಿ 2.0: ವೆಬ್‌ಸೈಟ್ ಹೊಸದು, ದಾಖಲೆ ಹಳೇದು, ಅಡ್ವಾನ್ಸ್ ಕೊಡೋ ಮೊದಲು ಇದನ್ನ ನೋಡಿ

ಚಾಮರಾಜನಗರ/ಗುಂಡ್ಲುಪೇಟೆ: ಸೈಟು, ಮಳಿಗೆ, ಜಮೀನು ಏನೇ ಕೊಂಡರೂ ಕೊನೆಗೆ ಹೋಗಬೇಕಾದ್ದು ಸಬ್ ರಿಜಿಸ್ಟ್ರಾರ್ ಆಫೀಸಿಗೆ. ಅಲ್ಲಿ ಜನಕ್ಕೆ ತಲೆನೋವು ತರೋ ಮಾತು ಎರಡು. ಒಂದು ‘ಸರ್ವರ್ ಇಲ್ಲ’, ಇನ್ನೊಂದು ‘ಹೆಸರು ಮ್ಯಾಚ್ ಆಗ್ತಿಲ್ಲ’. ಸರ್ವರ್ ಇವತ್ತಲ್ಲ ನಾಳೆ ಬರುತ್ತೆ. ಹೆಸರು ಮ್ಯಾಚ್ ಆಗದಿದ್ರೆ ಮಾತ್ರ ಕೊಟ್ಟ ಅಡ್ವಾನ್ಸ್ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತೆ.

ರಾಜ್ಯದಲ್ಲಿ ನೋಂದಣಿಗೆ ‘ಕಾವೇರಿ’ ತಂತ್ರಾಂಶ ಬಂದಿದ್ದು 2003ರಲ್ಲಿ. ಆಗ ಕಂಪ್ಯೂಟರ್‌ಗೆ ವಿವರ ಹಾಕೋದು, ಫೀಸು ಲೆಕ್ಕ, ಫೋಟೊ, ಹೆಬ್ಬೆಟ್ಟು ಎಲ್ಲವೂ ಆಫೀಸಿನಲ್ಲೇ ಆಗಬೇಕಿತ್ತು. ಬೆಳಿಗ್ಗೆ ಬಂದವರು ಸಂಜೆವರೆಗೂ ಕೂರ್ತಿದ್ದರು. 2023ರಲ್ಲಿ ಕಾವೇರಿ 2.0 ಬಂತು. ಈಗ ಮೊಬೈಲ್ ನಂಬರಿನಿಂದ ಲಾಗಿನ್ ಆಗಿ ವಿವರ ತುಂಬಿ, ಅಧಿಕಾರಿ ಒಪ್ಪಿದ ಮೇಲೆ ಆನ್‌ಲೈನ್‌ನಲ್ಲೇ ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡು ಹೋದರಾಯ್ತು.

ಹಳೇದನ್ನ ಒಂದೇ ರಾತ್ರಿ ಬಂದ್ ಮಾಡಿ ಹೊಸದು ಶುರು ಮಾಡಲಿಲ್ಲ. ಮೊದಲು ಕಲಬುರಗಿ ಜಿಲ್ಲೆಯ ಚಿಂಚೋಳಿಯಂಥ ಕಡೆ ಪರೀಕ್ಷೆ ಮಾಡಿ, ಆಮೇಲೆ ಹಂತ ಹಂತವಾಗಿ ಬೇರೆ ಆಫೀಸುಗಳಿಗೆ ತಂದರು. ಆ ತಿಂಗಳುಗಳಲ್ಲಿ ಒಂದು ಊರಿನಲ್ಲಿ ಹಳೇ ಕಾವೇರಿ, ಇನ್ನೊಂದು ಊರಿನಲ್ಲಿ ಹೊಸದು ನಡೀತಿತ್ತು. ನೋಂದಣಿ ಒಂದು ದಿನ ನಿಂತರೂ ಸರ್ಕಾರಕ್ಕೆ ಆದಾಯ ಖೋತಾ, ಜನಕ್ಕೆ ಪರದಾಟ. ಹಂಗಾಗಿ ಬೇರೆ ದಾರಿ ಇರಲಿಲ್ಲ ಅನ್ನಿ.

ಸಾಫ್ಟ್‌ವೇರ್‌ನವರಿಗೆ ಇದು ಹೊಸ ವಿದ್ಯೆ ಅಲ್ಲ. ಬಂಡೀಪುರದ ಕಡೆ ನೋಡಿರಬಹುದು: ಹಕ್ಕಿ ಹಾಕಿದ ಆಲದ ಬೀಜ ಬೇರೆ ಮರದ ಮೇಲೆ ಮೊಳೆತು, ಬೇರು ಇಳಿಬಿಟ್ಟು, ವರ್ಷಗಳಾದ ಮೇಲೆ ಹಳೇ ಮರವನ್ನೇ ಸುತ್ತಿಕೊಳ್ಳುತ್ತೆ. ಆಸ್ಟ್ರೇಲಿಯಾ ಕಾಡಿನಲ್ಲಿ ಇಂಥದ್ದೇ ಮರ ನೋಡಿದ್ದ ಮಾರ್ಟಿನ್ ಫೌಲರ್ ಎಂಬ ತಜ್ಞ, ಹಳೇ ತಂತ್ರಾಂಶವನ್ನ ನಿಲ್ಲಿಸದೆ ಸ್ವಲ್ಪ ಸ್ವಲ್ಪವೇ ಬದಲಿಸೋ ಕ್ರಮಕ್ಕೆ 2004ರಲ್ಲಿ ಆ ಮರದ ಹೆಸರನ್ನೇ ಕೊಟ್ಟರು.

ಆದರೆ ತಂತ್ರಾಂಶ ಬದಲಾದ ಮಾತ್ರಕ್ಕೆ ಒಳಗಿನ ದಾಖಲೆ ಸರಿಹೋಗಲ್ಲ. ಹೊಸ ಕಾವೇರಿ ಮಾಲೀಕರ ಹೆಸರನ್ನ ಬೇರೆ ತಂತ್ರಾಂಶಗಳಿಂದ ಎಳೆದುಕೊಳ್ಳುತ್ತೆ: ಜಮೀನಾದರೆ ‘ಭೂಮಿ’, ಪಂಚಾಯ್ತಿ ಸೈಟಾದರೆ ‘ಇ-ಸ್ವತ್ತು’, ಪುರಸಭೆ, ನಗರಸಭೆ ಆಸ್ತಿಯಾದರೆ ‘ಇ-ಆಸ್ತಿ’. ಪಹಣಿಯಲ್ಲಿ ‘ಮಾದಪ್ಪ’, ಆಧಾರ್‌ನಲ್ಲಿ ‘ಮಹದೇವಪ್ಪ’ ಅಂತಿದ್ರೆ ಹಿಂದೆ ಪತ್ರ ಬರಹಗಾರರು ‘ಉರುಫ್’ ಹಾಕಿ ದಾಟಿಸ್ತಿದ್ದರು. ಈಗ ಮೊದಲು ಮೂಲ ದಾಖಲೆ ತಿದ್ದಿಸಬೇಕು. 2024ರ ಅಕ್ಟೋಬರ್‌ನಿಂದ ಸೈಟು, ಮನೆಗಳ ನೋಂದಣಿಗೆ ಇ-ಖಾತೆ ಕಡ್ಡಾಯ. ತಂದೆ ತೀರಿಹೋಗಿ ಖಾತೆ ಇನ್ನೂ ಅವರ ಹೆಸರಲ್ಲೇ ಇದ್ರೆ ಮಕ್ಕಳು ಮಾರೋಕೆ ಬರೋದಿಲ್ಲ, ಪೌತಿ ಖಾತೆ ಆಗಲೇಬೇಕು.

ಎಲ್ಲ ಒಂದಕ್ಕೊಂದು ಜೋಡಿಸಿರೋದರಿಂದ ಒಂದು ಕಡೆ ಕೆಟ್ಟರೆ ಎಲ್ಲ ಕಡೆ ಬಿಸಿ. 2025ರ ಜನವರಿಯಲ್ಲಿ ಕಾವೇರಿ 2.0 ಮೇಲೆ ಸೈಬರ್ ದಾಳಿ ನಡೆದು, ಸುಳ್ಳು ಅರ್ಜಿಗಳು ರಾಶಿ ಬಿದ್ದು ರಾಜ್ಯದಾದ್ಯಂತ ನೋಂದಣಿಗೆ ಪೆಟ್ಟು ಬಿತ್ತು.

ಇನ್ನು ಇ.ಸಿ. ವಿಷಯ. ಆನ್‌ಲೈನ್‌ನಲ್ಲಿ ಸಿಗೋ ಋಣಭಾರ ಪತ್ರ 2004ರ ಏಪ್ರಿಲ್ 1ರಿಂದ ಈಚಿನದು. ಅದರಲ್ಲಿ ಸಾಲ ಕಾಣಿಸಲಿಲ್ಲ ಅಂತ ಅಡ್ವಾನ್ಸ್ ಕೊಟ್ಟುಬಿಡೋದು ಅವಸರ. 1990ರ ಭಾಗಪತ್ರವೋ ಅಡಮಾನವೋ ಇದ್ರೆ ಅದು ಇರೋದು ಆಫೀಸಿನ ಹಳೇ ಪುಸ್ತಕದಲ್ಲಿ. ಅದಕ್ಕೆ ಆಸ್ತಿಯ ಸರ್ವೆ ನಂಬರ್, ಚೆಕ್ಕುಬಂದಿ, ಹಳೇ ಕ್ರಯಪತ್ರದ ನಕಲು ಹಿಡಿದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೇ ವಿಚಾರಿಸಿ ಅರ್ಜಿ ಹಾಕಬೇಕು.