ವಸತಿಯ ಯೋಜನೆಯಲ್ಲಿ ಒಕ್ಕಲಿನ ಮಾತು

ನಮ್ಮ ಜಿಲ್ಲೆಯಲ್ಲಿ ಹೊಸ ಮನೆ ಕಟ್ಟಿದವರು ಬಂಧುಬಳಗವನ್ನು ‘ಮನೆ ಒಕ್ಕಲಿಗೆ ಬನ್ನಿ’ ಎಂದು ಕರೆಯುವುದುಂಟು. ಗೃಹಪ್ರವೇಶಕ್ಕೆ ಇದು ನಮ್ಮ ಹಳೆಯ ಮಾತು. ಒಕ್ಕಲು ಎಂದರೆ ವಾಸ, ಬಿಡಾರ, ಮನೆತನ. ಇನ್ನೊಬ್ಬರ ನೆಲದಲ್ಲಿ ಗೇಣಿ ಕೊಟ್ಟು ಬಾಳುವವನನ್ನೂ ನಾವು ಒಕ್ಕಲು ಎಂದೇ ಕರೆಯುತ್ತೇವೆ. ಅವನನ್ನು ಹೊರಗೆ ಹಾಕಿದರೆ ‘ಒಕ್ಕಲೆಬ್ಬಿಸಿದರು’ ಎನ್ನುತ್ತೇವೆ. ನೆಲೆ ನಿಲ್ಲುವುದು, ನೆಲೆಗಾಗಿ ಪರರನ್ನು ಆಶ್ರಯಿಸುವುದು, ನೆಲೆ ತಪ್ಪುವುದು – ಈ ಮೂರನ್ನೂ ಭಾಷೆ ಒಂದೇ ಪದದಲ್ಲಿ ಕಟ್ಟಿಹಾಕಿದೆ. ಮನೆಯ ಪ್ರಶ್ನೆ ನಮ್ಮಲ್ಲಿ ಎಷ್ಟು ಹಳೆಯದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನನಗೆ ಈ ಪದ ಮತ್ತೆ ನೆನಪಾದುದು ಶಾಲೆಯ ದಾಖಲೆ ಪುಸ್ತಕವನ್ನು ನೋಡುತ್ತಿದ್ದಾಗ. ಒಬ್ಬ ಹುಡುಗನ ವಿಳಾಸವನ್ನು ಆರು ವರ್ಷಗಳಲ್ಲಿ ನಾಲ್ಕು ಸಲ ಹೊಡೆದು ಬರೆದಿತ್ತು. ತಾಯಿ ಬೀಡಿ ಕಟ್ಟಿ ಸಂಸಾರ ತೂಗಿಸುವವರು. ಒಮ್ಮೆ ಬಾಡಿಗೆ ಏರಿತು, ಒಮ್ಮೆ ಮನೆಯನ್ನು ಕೆಡವಿದರು, ಒಮ್ಮೆ ಧನಿಯ ಮಗಳಿಗೆ ಆ ಮನೆ ಬೇಕಾಯಿತು. ಯಾರದೂ ದೊಡ್ಡ ತಪ್ಪಿಲ್ಲ. ಆದರೆ ಹುಡುಗನ ಓದು ಮಾತ್ರ ಪ್ರತಿ ಸಲವೂ ಹಿಂದೆ ಬಿತ್ತು. “ಸರಕಾರದ ಮನೆಗೆ ಅರ್ಜಿ ಕೊಡಬಾರದೇ ಅಮ್ಮ?” ಎಂದು ಕೇಳಿದೆ. “ಜಾಗದ ಕಾಗದ ಕೇಳುತ್ತಾರೆ ಮಾಸ್ಟ್ರೇ, ಕಾಗದ ಇದ್ದಿದ್ದರೆ ನಾನು ಬಾಡಿಗೆಗೆ ಯಾಕೆ ಇರಬೇಕಿತ್ತು?” ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಉತ್ತರವನ್ನು ಹುಡುಕುವ ಪ್ರಯತ್ನ.

ಮೊದಲು ನಮ್ಮದೇ ಊರಿನ ಕಡೆಗೆ ನೋಡೋಣ. ಶಿರ್ತಾಡಿ, ಮೂಡುಬಿದಿರೆಯ ಸುತ್ತಿನ ಹಿರಿಯರಿಗೆ ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳು ಗೊತ್ತು. ಮೂಲಗೇಣಿಯ ಒಕ್ಕಲಿಗೆ ಶಾಶ್ವತವಾದ ಹಕ್ಕಿತ್ತು, ಗೇಣಿಯೂ ನಿಗದಿಯಾದುದು. ಚಾಲಗೇಣಿಯವನ ಬಾಳು ವರ್ಷದಿಂದ ವರ್ಷಕ್ಕೆ. ಧನಿಯ ಮನಸ್ಸು ತಿರುಗಿದರೆ ಗದ್ದೆಯೂ ಹೋಯಿತು, ಗದ್ದೆಯ ಬದಿಯ ಮನೆಯೂ ಹೋಯಿತು. 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರಕಾರ ಮಾಡಿದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿಯ ಭೂಮಿಯೆಲ್ಲ ಸರಕಾರದಲ್ಲಿ ನಿಹಿತವಾಯಿತು. ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ತನ್ನ ಹಕ್ಕನ್ನು ಹೇಳಿಕೊಳ್ಳಬೇಕಾಯಿತು. ನಮ್ಮ ಕಡೆ ಅದಕ್ಕೆ ‘ಡಿಕ್ಲರೇಶನು ಕೊಡುವುದು’ ಎಂದು ಹೆಸರು.

ಆ ಅರ್ಜಿಗಳನ್ನು ವಿಚಾರಿಸಿದ ಭೂ ನ್ಯಾಯಮಂಡಳಿಯ ರಚನೆ ಗಮನಿಸತಕ್ಕದ್ದು. ಅಸಿಸ್ಟೆಂಟ್ ಕಮಿಶನರರು ಅಧ್ಯಕ್ಷರು. ಜತೆಗೆ ಸರಕಾರ ನೇಮಿಸಿದ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕು. ವಕೀಲರು ಅಲ್ಲಿ ವಾದಿಸಕೂಡದೆಂಬ ನಿಯಮವೂ ಇತ್ತು. ಅದನ್ನು ಸರ್ವೋಚ್ಚ ನ್ಯಾಯಾಲಯ ರದ್ದುಮಾಡಿದುದು 1987ರಲ್ಲಿ. ಆದುದರಿಂದ ಮೊದಲ ವರ್ಷಗಳಲ್ಲಿ ಒಕ್ಕಲು ತಾನೇ ನಿಂತು ತನ್ನ ಮಾತನ್ನು ಹೇಳಬೇಕಾಯಿತು. ನಮ್ಮಜ್ಜನಿಗೆ ಓದು ಬಾರದು. ಆದರೆ ಗದ್ದೆಯ ನಾಲ್ಕು ಮೇರೆಗಳನ್ನೂ, ತೋಡಿನ ನೀರು ಯಾವ ಕಡೆಯಿಂದ ಇಳಿಯುತ್ತದೆಂಬುದನ್ನೂ ಹೇಳಿದರಂತೆ. ‘ನನ್ನ ಮಾತನ್ನು ಬರೆದುಕೊಂಡರು ಮಗಾ’ ಎಂದು ಕೊನೆಯವರೆಗೂ ಹೇಳುತ್ತಿದ್ದರು. ಅವರ ಮಟ್ಟಿಗೆ ಭೂಮಿ ಸಿಕ್ಕಿದಷ್ಟೇ ದೊಡ್ಡ ಸಂಗತಿ ಅದು. ಗೇಣಿಯೊಂದನ್ನೇ ನಂಬಿದ್ದ ಸಣ್ಣ ಧನಿಗಳ ಮನೆಗಳಲ್ಲಿ ಆ ಕಾಲ ಕಷ್ಟ ತಂದುದೂ ನಿಜ, ಅದನ್ನು ಮರೆಮಾಚಬಾರದು.

ಆದರೆ ಆ ಕಾಯಿದೆ ಕೃಷಿಯ ಭೂಮಿಗೆ. ಪೇಟೆಯ ಮನೆಗಳು ಅದರ ಹೊರಗೆ ಉಳಿದವು. ಮಂಗಳೂರಿನಂಥ ಊರಿನಲ್ಲಿ ತಲೆಮಾರುಗಳ ಹಿಂದೆ ಮೂಲಗೇಣಿಗೆ ಪಡೆದ ಹಿತ್ತಿಲಲ್ಲಿ ತಮ್ಮದೇ ಹಣದಿಂದ ಮನೆ ಕಟ್ಟಿದವರು ಅದನ್ನು ಮಾರಬೇಕಾದರೆ, ಅದರ ಮೇಲೆ ಸಾಲ ತೆಗೆಯಬೇಕಾದರೆ ನೆಲದ ಒಡೆಯನ ಒಪ್ಪಿಗೆಗೆ ಕಾಯಬೇಕಾಗಿತ್ತು. ಅವರು ಒಟ್ಟುಗೂಡಿದರು, ಮನವಿ ಕೊಟ್ಟರು, ವರ್ಷಗಟ್ಟಲೆ ಹಿಂದೆ ಬಿದ್ದರು. ಮೂಲಗೇಣಿ ಮತ್ತು ಒಳಮೂಲಗೇಣಿಯ ಒಕ್ಕಲುಗಳಿಗೆ ಮಾಲಿಕತ್ವ ಕೊಡುವ 2011ರ ಕಾಯಿದೆ ಹಾಗೆ ಬಂದುದು. ನೆಲದೊಡೆಯರೂ ಸುಮ್ಮನಿರದೆ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನ್ಯಾಯದ ಮಾತು ಹಾಗಿರಲಿ. ಒಕ್ಕಲುಗಳು ಬಾಯಿ ತೆರೆಯದಿದ್ದರೆ ಈ ಪ್ರಶ್ನೆ ವಿಧಾನಸೌಧದವರೆಗೆ ಹೋಗುತ್ತಲೇ ಇರಲಿಲ್ಲ.

ಇನ್ನು ಮೂರನೆಯ ಒಕ್ಕಲು – ತಿಂಗಳ ಬಾಡಿಗೆಯವನು. ಇವನಿಗೆ ಗೇಣಿಚೀಟಿಯೂ ಇಲ್ಲ, ಎಷ್ಟೋ ಸಲ ಕರಾರುಪತ್ರವೂ ಇಲ್ಲ. 2001ರ ಕೊನೆಯ ದಿನದಿಂದ ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆಯ ರಕ್ಷಣೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರ ಪಟ್ಟಣಗಳಲ್ಲಿ 2,000 ರೂಪಾಯಿ ಮೀರದ ವಾಸದ ಮನೆಗಳಿಗೆಂದು ಗೊತ್ತುಮಾಡಿತು. ಆ ಬಾಡಿಗೆಗೆ ಈಗ ಎಂಥ ಮನೆ ಸಿಕ್ಕೀತೆಂದು ನೀವೇ ಯೋಚಿಸಿ. ಮುಂಗಡ ಹಣ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಕೇಂದ್ರ ಸರಕಾರದ 2021ರ ಮಾದರಿ ಕಾಯಿದೆ ಹೇಳುತ್ತದೆ. ಆದರೆ ಮಾದರಿ ಮಾದರಿಯೇ. ರಾಜ್ಯ ಅದನ್ನು ತನ್ನ ಕಾಯಿದೆಯಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ.

ಯೋಜನೆಗಳ ಮಾತೂ ಹೀಗೆಯೇ. 2015ರಲ್ಲಿ ಮೊದಲಾದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಒಂದು ಮುಖ್ಯ ಭಾಗ ತನ್ನ ನಿವೇಶನದಲ್ಲಿ ತಾನೇ ಮನೆ ಕಟ್ಟಿಕೊಳ್ಳುವವನಿಗೆ ನೆರವು ನೀಡುವುದು. ನಿವೇಶನವೇ ಇಲ್ಲದವನಿಗೆ ಆ ಬಾಗಿಲು ಮುಚ್ಚಿದಂತೆ. ಅದೇ ಆ ಬೀಡಿ ಕಟ್ಟುವ ತಾಯಿಗೆ ಎದುರಾದ ಬಾಗಿಲು. ವಲಸೆ ಬಂದ ದುಡಿಮೆಗಾರರಿಗಾಗಿ ಬಾಡಿಗೆ ಮನೆಗಳ ಯೋಜನೆ 2020ರಲ್ಲಿ ಬಂತು; 2024ರಲ್ಲಿ ಹೊರಟ ಎರಡನೆಯ ಆವೃತ್ತಿಯಲ್ಲಿ ಕೈಗೆಟಕುವ ಬಾಡಿಗೆಯ ಮನೆಗಳಿಗೇ ಒಂದು ಭಾಗ ಮೀಸಲಾಯಿತು. ಬಾಡಿಗೆಯವನೂ ಯೋಜನೆಯ ಕಣ್ಣಿಗೆ ಬಿದ್ದಿದ್ದಾನೆ ಎಂದಾಯಿತು. ಇನ್ನು ಅವನ ಮಾತು ಕಿವಿಗೆ ಬೀಳಬೇಕು.

ಅವನ ಮಾತು ಯಾಕೆ ಬೇಕು? ನಕಾಶೆ ಬರೆಯುವವರಿಗೆ ತಿಳಿಯದ ಸಂಗತಿ ಅವನಿಗೆ ತಿಳಿದಿರುತ್ತದೆ. ಬೀಡಿ ಕಟ್ಟುವವಳಿಗೆ ಮನೆಯೇ ಕೆಲಸದ ಜಾಗ. ಎಲೆ, ಹೊಗೆಸೊಪ್ಪು ತರಲು, ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ನಡೆದು ಹೋಗುವಷ್ಟು ದೂರವಿರಬೇಕು. ಮಳೆಗಾಲದಲ್ಲಿ ಎಲೆ ಕೆಡದಂತೆ ಒಣ ಮೂಲೆ ಬೇಕು. ಪೇಟೆಯಿಂದ ಆರು ಮೈಲಿ ದೂರದ ಗುಡ್ಡದ ಮೇಲೆ ಚೆಂದದ ಮನೆ ಕೊಟ್ಟರೂ ಅವಳ ದಿನದ ಸಂಪಾದನೆ ಬಸ್ಸಿನ ಪಾಲಾಗುತ್ತದೆ. ಕಾಗದದಲ್ಲಿ ಅಗ್ಗವಾದುದು ಬದುಕಿನಲ್ಲಿ ದುಬಾರಿ. ಇದನ್ನು ಅವಳೇ ಹೇಳಬೇಕು. ಅವಳ ಪರವಾಗಿ ಮಾತನಾಡುವವರೂ ಮೊದಲು ಅವಳಿಂದ ಕೇಳಿ ತಿಳಿಯಬೇಕು.

ಇದು ನಮ್ಮಲ್ಲಿ ಮಾತ್ರದ ಕತೆಯಲ್ಲ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಹಡಗು ಕಟ್ಟುವ ಕೆಲಸಕ್ಕೆಂದು ಜನ ಬಂದು ತುಂಬಿದಾಗ ಮನೆಯ ಒಡೆಯರು ಬಾಡಿಗೆ ಏರಿಸಿದರು. 1915ರಲ್ಲಿ ಮೇರಿ ಬಾರ್ಬರ್ ಎಂಬ ಗೃಹಿಣಿ ಮತ್ತು ಅವರ ಜತೆಯ ಹೆಂಗಸರು ಏರಿಸಿದ ಬಾಡಿಗೆ ಕೊಡೆವೆಂದು ಹಟ ಹಿಡಿದರು. ಒಕ್ಕಲೆಬ್ಬಿಸಲು ಅಧಿಕಾರಿ ಬಂದರೆ ಗಂಟೆ ಬಾರಿಸಿ ನೆರೆಹೊರೆಯನ್ನು ಕೂಡಿಸುತ್ತಿದ್ದರು. ಅದೇ ವರ್ಷ ಮುಗಿಯುವುದರೊಳಗೆ ಬಾಡಿಗೆಯನ್ನು ಯುದ್ಧಕ್ಕೆ ಮುಂಚಿನ ಮಟ್ಟದಲ್ಲಿ ನಿಲ್ಲಿಸುವ ಕಾಯಿದೆಯನ್ನು ಬ್ರಿಟಿಷ್ ಸಂಸತ್ತು ಮಾಡಿತು.

ನಮಗೆ ಗಂಟೆ ಬಾರಿಸುವ ಅಗತ್ಯವಿಲ್ಲ. ಕಾಯಿದೆಯಲ್ಲೇ ಒಂದು ಕಿಟಕಿ ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ, ಊರಿನ ಮಹಾಯೋಜನೆಗೆ ಸರಕಾರ ತಾತ್ಕಾಲಿಕ ಒಪ್ಪಿಗೆ ಕೊಟ್ಟ ಮೇಲೆ ಅದನ್ನು ಪ್ರಕಟಿಸಿ, ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನಗಳ ಅವಕಾಶ ಕೊಡಬೇಕು. ಯಾರೂ ಬರೆಯಬಹುದು. ನೆಲ ಇದ್ದವರು ತಮ್ಮ ಹಿತ್ತಿಲಿನ ಮೇಲೆ ರಸ್ತೆಯ ಗೆರೆ ಬಿದ್ದಿತೇ ಎಂದು ನೋಡಿ ತಕ್ಷಣ ಬರೆಯುತ್ತಾರೆ. ಬಾಡಿಗೆಯವರೂ ಬರೆಯಬಹುದೆಂಬುದು ಅವರಿಗೇ ನೆನಪಿರುವುದಿಲ್ಲ.

ಬರೆಯುವುದೇನು? ಊರಿನ ಮನೆಗಳ ಲೆಕ್ಕ ಹಾಕುವಾಗ ಬಾಡಿಗೆಯ ಸಂಸಾರಗಳನ್ನು ಬೇರೆಯಾಗಿ ಎಣಿಸಲಿ. ಬಸ್ಸು, ಸಂತೆ, ಶಾಲೆಗಳ ಸಮೀಪ ಸಣ್ಣ ಬಾಡಿಗೆ ಮನೆಗಳಿಗೆ ಜಾಗ ಕಾದಿರಿಸಲಿ. ಹಳೆಯ ಸಾಲುಮನೆ ಕೆಡವಿ ಹೊಸದು ಕಟ್ಟುವಾಗ ಅಲ್ಲಿದ್ದವರು ಮರಳಿ ಬರುವುದಕ್ಕೆ ದಾರಿ ಇರಲಿ. ಹತ್ತು ಮನೆಯವರು ಸೇರಿ ಒಂದೇ ಕಾಗದದಲ್ಲಿ ಬರೆದರೂ ಸಾಕು. ತಲಪಿಸಿದ ಬಗ್ಗೆ ಹಿಂಬರಹ ಪಡೆದಿಟ್ಟುಕೊಳ್ಳಿರಿ. ಹಳ್ಳಿಯವರು ಗ್ರಾಮಸಭೆಯಲ್ಲಿ ಮನೆಯ ಫಲಾನುಭವಿಗಳ ಪಟ್ಟಿ ಓದುವ ದಿನ ತಪ್ಪದೆ ಹೋಗಬೇಕು.

ಮನೆ ಬಾಡಿಗೆಗೆ ಕೊಟ್ಟಿರುವ ಓದುಗರಿಗೂ ಒಂದು ಮಾತು. ನಿವೃತ್ತಿಯ ಹಣದಿಂದ ಒಂದು ಮನೆ ಕಟ್ಟಿ ಅದರ ಬಾಡಿಗೆಯಲ್ಲಿ ಬಾಳುವವರ ಭಯವೂ ನ್ಯಾಯವಾದುದೇ. ಕರಾರನ್ನು ಬರಹದಲ್ಲಿ ಮಾಡಿಕೊಂಡರೆ ಇಬ್ಬರಿಗೂ ರಕ್ಷೆ. ಅದು ಒಕ್ಕಲಿಗೆ ವಿಳಾಸ, ನಿಮಗೆ ಧೈರ್ಯ.

ಆ ತಾಯಿಗೂ ಅದನ್ನೇ ಹೇಳಿದೆ. ಈಗ ಇರುವ ಮನೆಯ ಧನಿ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿದರು. ಮನೆ ಒಕ್ಕಲಿಗೆ ಆಕೆ ನಮ್ಮನ್ನು ಕರೆಯುವ ದಿನ ಇನ್ನೂ ದೂರವಿದೆ. ಆದರೆ ಈ ವರ್ಷ ಹುಡುಗನ ವಿಳಾಸವನ್ನು ನಾನು ಹೊಡೆದು ಬರೆಯಬೇಕಾಗಲಿಲ್ಲ.