ಕಳೆ ಕೀಳುವುದೇ ಕೆಲಸವಾದ ಹೂದೋಟ

ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ, ಥಿಯೊಡೋರ್ ವರ್ತ್ ಉದ್ಯಾನದ ಒಳಗೆ, ಸುಮಾರು 15 ಎಕರೆಯ ಒಂದು ತೋಟವಿದೆ. ಹೆಸರು ಎಲೋಯಿಸ್ ಬಟ್ಲರ್ ಕಾಡುಹೂ ತೋಟ ಮತ್ತು ಪಕ್ಷಿಧಾಮ. ಲಾಲ್‌ಬಾಗಿನ ಲೆಕ್ಕ ಇಟ್ಟುಕೊಂಡು ಹೋದವರಿಗೆ ಮೊದಲು ನಿರಾಸೆಯೇ ಆದೀತು. ಹೂವಿನ ಪಾತಿಗಳಿಲ್ಲ, ಗಾಜಿನ ಮನೆಯಿಲ್ಲ. ಬಿದ್ದ ಮರ ಬಿದ್ದಲ್ಲೇ ಕೊಳೆಯುತ್ತಿದೆ, ಹೋದ ವರ್ಷದ ಒಣಕಡ್ಡಿ ನಿಂತಲ್ಲೇ ನಿಂತಿದೆ. ಉಸ್ತುವಾರಿ ನೋಡುವವರೇ ಇಲ್ಲವೇನೋ ಅನ್ನಿಸುತ್ತದೆ. ಹಾಗೆ ಕಾಣಿಸಲಿಕ್ಕೇ ಅಲ್ಲಿ ಬೆನ್ನು ಬಗ್ಗಿಸುವ ಕೆಲಸ ನಡೆದಿರುತ್ತದೆ.

ಅಮೆರಿಕದ ಸಾರ್ವಜನಿಕ ಕಾಡುಹೂ ತೋಟಗಳಲ್ಲಿ ಇದೇ ಹಳೆಯದು. ಎಲೋಯಿಸ್ ಬಟ್ಲರ್ (1851–1933) ಮಕ್ಕಳಿಗೆ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದ ಶಿಕ್ಷಕಿ. ಊರು ಬೆಳೆದಂತೆ ಸುತ್ತಲಿನ ಜೌಗು ನೆಲವನ್ನೆಲ್ಲ ಬಸಿದು ಮನೆ ಕಟ್ಟುತ್ತಿದ್ದರು. ಅಲ್ಲಿನ ಗಿಡಗಳು ಹೇಳಹೆಸರಿಲ್ಲದೆ ಹೋಗುವ ಮುನ್ನ ಒಂದಿಷ್ಟು ಜಾಗ ಉಳಿಸಿಕೊಡಿ ಎಂದು ಅವರೂ ಜೊತೆಯ ಶಿಕ್ಷಕರೂ ಉದ್ಯಾನ ಮಂಡಳಿಗೆ ಅರ್ಜಿ ಹಾಕಿ, 1907ರಲ್ಲಿ ಮೂರು ಎಕರೆ ಪಡೆದರು. 1911ರಲ್ಲಿ ನಿವೃತ್ತರಾದ ಮೇಲೆ ಬಟ್ಲರ್ ತಾವೇ ಅದರ ಮೇಲ್ವಿಚಾರಣೆಗೆ ನಿಂತರು, ಸಾಯುವವರೆಗೂ ಬಿಡಲಿಲ್ಲ. ಅವರ ಚಿತಾಭಸ್ಮವನ್ನು ಚೆಲ್ಲಿದ್ದೂ ಅಲ್ಲೇ. ಮೊದಲು ಇದ್ದದ್ದು ಕಾಡು ಮತ್ತು ಜೌಗು. ದಿಬ್ಬದ ಮೇಲಿನ ಹುಲ್ಲುಗಾವಲು 1944ರಲ್ಲಿ ಸೇರಿತು.

ಇಂಥ ತೋಟ ನಡೆಯುವ ಬಗೆ ತಿಳಿಯಬೇಕಾದರೆ ಹೂವನ್ನಲ್ಲ, ಹುಳುವನ್ನು ನೋಡಬೇಕು. ಅಲ್ಲಿ ಚಿಕಡೀ ಎಂಬ ಹಕ್ಕಿಯಿದೆ. ತೂಕ ಹತ್ತು ಹನ್ನೆರಡು ಗ್ರಾಂ, ತಲೆಗೆ ಕರಿ ಟೋಪಿ. ಚಳಿಗಾಲದಲ್ಲಿ ಕಾಳನ್ನೂ ತಿಂದು ಬದುಕುತ್ತದೆ, ಆದರೆ ಮರಿಗಳಿಗೆ ಮೆತ್ತಗಿನ ಕಂಬಳಿಹುಳುವೇ ಬೇಕು. ಒಂದು ಗೂಡಿನ ಮರಿಗಳು ಹಾರುವ ಹೊತ್ತಿಗೆ ತಾಯಿತಂದೆ 6,000ದಿಂದ 9,000 ಹುಳು ತಂದಿರುತ್ತವೆ ಎಂಬುದು ಡೆಲವೇರ್ ವಿಶ್ವವಿದ್ಯಾಲಯದ ಕೀಟತಜ್ಞ ಡಗ್ಲಸ್ ಟಾಲಮಿ ಕೊಡುವ ಲೆಕ್ಕ. ಅಷ್ಟು ಹುಳು ಎಲ್ಲಿಂದ ಬರಬೇಕು? ಗಿಡಗಳು ತಮ್ಮನ್ನು ತಿನ್ನದಿರಲಿ ಎಂದು ಎಲೆಯಲ್ಲಿ ಒಂದಲ್ಲ ಒಂದು ವಿಷ ಇಟ್ಟುಕೊಂಡಿರುತ್ತವೆ. ಸಾವಿರಾರು ವರ್ಷ ಅದೇ ಗಿಡದ ಮೇಲೆ ಬದುಕಿದ ಹುಳು ಮಾತ್ರ ಆ ವಿಷವನ್ನು ಅರಗಿಸಿಕೊಳ್ಳಬಲ್ಲದು. ನರ್ಸರಿಯಿಂದ ತಂದ ಪರದೇಶದ ಗಿಡದಲ್ಲಿ ಎಲೆ ತೂತಿಲ್ಲದೆ ಚೆಂದ ಕಾಣುವುದು ಅದಕ್ಕೇ. ತೂತಿಲ್ಲದ ಎಲೆಯೆಂದರೆ ಹಕ್ಕಿಮರಿಗೆ ಊಟವಿಲ್ಲ ಎಂದೇ ಅರ್ಥ. ಸ್ಥಳೀಯ ಓಕ್ ಮರಗಳನ್ನು ಜೋಪಾನ ಮಾಡಬೇಕಾದದ್ದು ಬರೀ ನೆರಳಿಗಲ್ಲ, ಅವುಗಳ ಮೇಲೆ ನೂರಾರು ಬಗೆಯ ಕಂಬಳಿಹುಳುಗಳು ಬೆಳೆಯುತ್ತವೆಂದು.

ಮೊನಾರ್ಕ್ ಚಿಟ್ಟೆಯ ಕಥೆಯೂ ಇದೇ. ಅದರ ಮರಿಹುಳು ಹಾಲುಸುರಿಸುವ ಮಿಲ್ಕ್‌ವೀಡ್ ಎಲೆ ಬಿಟ್ಟು ಬೇರೆ ಮುಟ್ಟದು. ಆ ಹಾಲಿನ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತದೆ. ನಮ್ಮಲ್ಲಿ ರಥಸಪ್ತಮಿಯ ದಿನ ತಲೆಯ ಮೇಲೆ ಇಟ್ಟುಕೊಳ್ಳುವ ಎಕ್ಕದೆಲೆಯ ಗಿಡವೂ ಅದೇ ಕುಟುಂಬದ್ದು. ಎಕ್ಕ ಮೇಯುವ ನಮ್ಮ ಪ್ಲೇನ್ ಟೈಗರ್ ಚಿಟ್ಟೆಯೂ ಮೊನಾರ್ಕ್‌ನ ಹತ್ತಿರದ ಸಂಬಂಧಿ.

ಚಳಿಗಾಲ ಮುಗಿಯುವ ಹೊತ್ತಿಗೆ, ಹಿಮ ಇನ್ನೂ ಪೂರ್ತಿ ಕರಗದಿರುವಾಗ, ಜೌಗಿನಲ್ಲಿ ಸ್ಕಂಕ್ ಕ್ಯಾಬೇಜ್ ಏಳುತ್ತದೆ. ಕೆಸುವಿನ ಕುಟುಂಬದ ಈ ಗಿಡದ ಹೂಗೊಂಚಲು ತಾನೇ ಶಾಖ ಹುಟ್ಟಿಸಿಕೊಂಡು ಸುತ್ತಲಿನ ಹಿಮವನ್ನು ಕರಗಿಸುತ್ತದೆ. ಬಗ್ಗಿ ನೋಡಿದರೆ ಕಂದುಗೆಂಪು ಹೊದಿಕೆಯೊಂದು ಹಿಮದಲ್ಲಿ ದುಂಡಗೆ ತೂತು ಕೊರೆದು ಕೂತಿರುತ್ತದೆ. ಸುವರ್ಣಗಡ್ಡೆಯ ಹೂವಿನ ನಾತ ಬಲ್ಲವರಿಗೆ ಇದರದ್ದೂ ಹೊಸದೇನಲ್ಲ. ಕೊಳೆತ ಮಾಂಸವೆಂದು ನೊಣ ಬರಲಿ, ಪರಾಗ ಹೊರಲಿ ಎಂಬ ಉಪಾಯ. ಅದರ ಬೆನ್ನಿಗೇ ಮರಗಳು ಚಿಗುರಿ ನೆರಳು ಕವಿಯುವ ಮುನ್ನ ಕಾಡಿನ ನೆಲದ ಹೂಗಳು ಕೆಲವೇ ವಾರಗಳಲ್ಲಿ ಅರಳಿ, ಬೀಜ ಕಟ್ಟಬೇಕು. ಬ್ಲಡ್‌ರೂಟ್ ಹೂವಿನ ಎಸಳು ಒಂದೆರಡು ದಿನದಲ್ಲಿ ಉದುರುತ್ತದೆ. ಅದರ ಬೀಜಕ್ಕೆ ಕೊಬ್ಬಿನಂಥ ಬಿಳಿ ತುಣುಕೊಂದು ಅಂಟಿರುತ್ತದೆ. ಇರುವೆ ಬೀಜವನ್ನು ಗೂಡಿಗೆ ಎಳೆದೊಯ್ದು ಆ ತುಣುಕನ್ನಷ್ಟೇ ತಿಂದು, ಉಳಿದದ್ದನ್ನು ತನ್ನ ತಿಪ್ಪೆಗೆ ಎಸೆಯುತ್ತದೆ. ಬಿತ್ತನೆ ಮುಗಿಯಿತು, ಗೊಬ್ಬರ ಸಮೇತ.

ಇಲ್ಲೊಂದು ಸಂಗತಿ ನಮ್ಮವರಿಗೆ ನಂಬುವುದೇ ಕಷ್ಟ. ಎರೆಹುಳು ರೈತನ ಮಿತ್ರ ಎಂದು ಬಾಯಿಪಾಠ ಮಾಡಿದವರು ನಾವು. ಮಿನಿಯಾಪೊಲಿಸ್ ಇರುವ ಮಿನ್ನೆಸೋಟ ರಾಜ್ಯದ ಕಾಡಿಗೆ ಅದು ಶತ್ರು. ಹಿಮಯುಗ ಮುಗಿದ ಮೇಲೆ ಆ ಕಾಡುಗಳು ಎರೆಹುಳುವಿಲ್ಲದೆಯೇ ಬೆಳೆದವು. ಈಗಿರುವವು ಯುರೋಪು, ಏಷ್ಯಾಗಳಿಂದ ಬಂದವು. ನಿಧಾನಕ್ಕೆ ಕೊಳೆಯುವ ತರಗೆಲೆಯ ದಪ್ಪ ಹಾಸಿನಲ್ಲಿ ಬೇರು ಬಿಡುವುದು ಅಲ್ಲಿನ ಹೂಗಿಡಗಳ ರೂಢಿ. ಹುಳು ಆ ಹಾಸನ್ನೇ ತಿಂದು ಮುಗಿಸಿದರೆ ನೆಲ ಬೋಳಾಗುತ್ತದೆ. ಮೀನಿನ ಗಾಳಕ್ಕೆಂದು ತಂದ ಎರೆಹುಳುಗಳಲ್ಲಿ ಉಳಿದವನ್ನು ಕಾಡಿನಲ್ಲಿ ಎಸೆಯಬೇಡಿ ಎಂದು ಅಲ್ಲಿ ತಿಳಿಹೇಳುವುದು ಇದಕ್ಕೇ.

ಇನ್ನೊಂದು ಪೀಡೆ ಬಕ್‌ಥಾರ್ನ್. ಬೇಲಿಗೆಂದು ಯುರೋಪಿನಿಂದ ತಂದದ್ದು. ಎಲ್ಲರಿಗಿಂತ ಮೊದಲು ಚಿಗುರಿ, ಎಲ್ಲರ ಎಲೆ ಉದುರಿದ ಮೇಲೂ ಹಸಿರಾಗಿದ್ದು ನೆಲದ ಹೂಗಳ ಬಿಸಿಲು ಕದಿಯುತ್ತದೆ. ಹಣ್ಣು ತಿಂದ ಹಕ್ಕಿಗೆ ಭೇದಿಯಾಗಿ ಬೀಜ ಊರೆಲ್ಲ ಬೀಳುತ್ತದೆ. ಬಂಡೀಪುರದ ಲಂಟಾನ ಕಂಡವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ತೋಟದ ಸಿಬ್ಬಂದಿಯ, ಸ್ವಯಂಸೇವಕರ ಶ್ರಮ ಸುರಿದುಹೋಗುವುದು ಹೊಸದಾಗಿ ನೆಡುವುದಕ್ಕಿಂತ ಇದನ್ನೂ ಗಾರ್ಲಿಕ್ ಮಸ್ಟರ್ಡ್ ಎಂಬ ಕಳೆಯನ್ನೂ ಬುಡಸಮೇತ ಕೀಳುವುದರಲ್ಲಿ. ಹೂವಿನ ಮೊಗ್ಗನ್ನೇ ಆರಿಸಿ ತಿನ್ನುವ ಜಿಂಕೆಗಳಿಗೆ ಬೇಲಿ. ಹುಲ್ಲುಗಾವಲಿನ ಮದ್ದು ಬೇರೆ: ಬೆಂಕಿ. ಅಲ್ಲಿನ ಹುಲ್ಲಿನ ಬೇರು ಎರಡು ಮೂರು ಮೀಟರ್ ಆಳಕ್ಕೆ ಇಳಿದಿರುತ್ತದೆ. ಮೇಲೆ ಸುಟ್ಟರೂ ಮತ್ತೆ ಚಿಗುರುತ್ತದೆ, ನುಸುಳಿಬಂದ ಮರದ ಸಸಿಗಳು ಮಾತ್ರ ಸಾಯುತ್ತವೆ.

ಒಣಕಡ್ಡಿ ಕತ್ತರಿಸದೆ ಬಿಡುವುದೂ ಸೋಮಾರಿತನವಲ್ಲ. ಟೊಳ್ಳು ಕಡ್ಡಿಯೊಳಗೆ ಒಂಟಿ ಜೇನುಹುಳುಗಳು ಚಳಿಗಾಲ ಕಳೆಯುತ್ತವೆ. ಬೀಜಕ್ಕೆ ಬಂದ ಗಿಡ ಹಾಗೇ ಬಿಟ್ಟರೆ ಹಕ್ಕಿಗೂ ಉಪಯೋಗ: ಗೋಲ್ಡ್‌ಫಿಂಚ್ ಎಂಬ ಹಳದಿ ಹಕ್ಕಿ ಉಳಿದವೆಲ್ಲ ಮರಿ ಮಾಡಿ ಮುಗಿಸುವವರೆಗೆ ಕಾಯ್ದು, ಥಿಸಲ್ ಗಿಡದ ಹತ್ತಿ ಹಾರುವ ಹೊತ್ತಿಗೆ ಆ ಹತ್ತಿಯಿಂದಲೇ ಗೂಡನ್ನು ಮೆತ್ತಗೆ ಮಾಡುತ್ತದೆ. ಮರಿಗೆ ಹುಳುವಿನ ಬದಲು ಬೀಜ ಉಣಿಸುವ ಅಪರೂಪದ ಜಾತಿ ಅದು.

ಮಕ್ಕಳ ಮನೆಗೆಂದು ಆ ಕಡೆ ಹೋಗುವ ಅಪ್ಪ ಅಮ್ಮಂದಿರು ಈಗ ಬಹಳ. ಅಂಥವರಿಗೆ: ಪ್ರವೇಶ ಉಚಿತ, ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತದೆ. ಹಕ್ಕಿಗಾದರೆ ಮೇ ತಿಂಗಳು, ದಕ್ಷಿಣದಿಂದ ಬರುವ ವಾರ್ಬ್ಲರ್‌ಗಳು ಆಗ ತಂಗುತ್ತವೆ. ಜೂನ್ ನಡುವಿನಲ್ಲಿ ರಾಜ್ಯದ ಹೂವಾದ ಶೋಯಿ ಲೇಡೀಸ್ ಸ್ಲಿಪರ್ ಎಂಬ ಆರ್ಕಿಡ್ ಹುಡುಕಿ. ಬೀಜದಿಂದ ಮೊದಲ ಹೂವಿಗೆ 16 ವರ್ಷ ಹಿಡಿಯಲೂಬಹುದು, ಕಿತ್ತರೆ ಅಪರಾಧ. ಆಗಸ್ಟ್ ಕೊನೆಗೆ ಬಾಟಲ್ ಜೆನ್ಷನ್ ಮುಂದೆ ಸ್ವಲ್ಪ ಹೊತ್ತು ನಿಂತರೆ ಲಾಭ. ಅದರ ನೀಲಿ ಹೂ ಎಂದೂ ಬಿರಿಯದ ಮೊಗ್ಗಿನಂತೆ ಮುಚ್ಚಿಯೇ ಇರುತ್ತದೆ. ಬಂಬಲ್ ಬೀ ಎಂಬ ದುಂಬಿ ಮಾತ್ರ ತುದಿಯನ್ನು ಬಲದಿಂದ ಬಿಡಿಸಿ, ಪೂರ್ತಿ ಒಳಗೆ ನುಗ್ಗಿ, ಹಿಂಗಾಲು ಒದೆಯುತ್ತಾ ಹಿಂದಕ್ಕೆ ಬರುತ್ತದೆ. ಉದ್ದ ಪ್ಯಾಂಟು, ಕಾಲುಚೀಲ ಇರಲಿ. ಉಣುಗುಗಳಿವೆ, ಲೈಮ್ ಕಾಯಿಲೆ ಹರಡುವಂಥವು. ಮೂರೆಲೆಯ ಪಾಯ್ಸನ್ ಐವಿ ಮುಟ್ಟಿದರೆ ಮೈ ಉರಿದು ಗುಳ್ಳೆ ಏಳುತ್ತದೆ, ಹಾಗಾಗಿ ಕಾಲುದಾರಿ ಬಿಡಬೇಡಿ. ಹಿತ್ತಲಿಗೆ ಬೇಕೆಂದು ನಾಲ್ಕು ಬೀಜ ಸೆರಗಿಗೆ ಕಟ್ಟಿಕೊಳ್ಳುವ ಆಸೆಯಾದರೆ ನೆನಪಿರಲಿ, ಬಕ್‌ಥಾರ್ನ್ ಅಲ್ಲಿಗೆ ಹೋದದ್ದೂ ಇಂಥದೇ ಆಸೆಯಿಂದ. ಪರವಾನಗಿಯಿಲ್ಲದೆ ಬೀಜ ತರಲು ನಮ್ಮ ವಿಮಾನ ನಿಲ್ದಾಣದಲ್ಲೂ ಬಿಡುವುದಿಲ್ಲ.