ನೋವಿಲ್ಲದ ಕಡಿತ: ಧಾರವಾಡ ಪರಿಸರದ ಕಟ್ಟುಹಾವು

ವಿಷದ ಹಾವೆಂದೊಡನೆ ಜನಮನದಲ್ಲಿ ಮೂಡುವುದು ಹೆಡೆಯೆತ್ತಿ ಬುಸುಗುಡುವ ನಾಗರದ ಚಿತ್ರ. ಹೆಡೆಯಿಲ್ಲದ, ಹಗಲಿನಲ್ಲಿ ಕೆಣಕಿದರೂ ತಲೆಯನ್ನು ಸುರುಳಿಯೊಳಗೆ ಹುದುಗಿಸಿ ಸುಮ್ಮನಿರುವ ಹಾವನ್ನು ಸಾಧುಪ್ರಾಣಿಯೆಂದು ಭಾವಿಸುವುದು ಸಹಜ. ಕಟ್ಟುಹಾವು ಅಂಥದು, ಕೆಲವೆಡೆ ಇದಕ್ಕೆ ಕಡಂಬಳವೆಂಬ ಹೆಸರೂ ಉಂಟು. ಆದರೆ ನಾಗರ, ಕೊಳಕುಮಂಡಲ, ಗರಗಸಮಂಡಲಗಳೊಡನೆ ಭಾರತದಲ್ಲಿ ಅತಿ ಹೆಚ್ಚು ಸಾವುಗಳಿಗೆ ಕಾರಣವಾಗುವ ನಾಲ್ಕು ಹಾವುಗಳ ಸಾಲಿನಲ್ಲಿ ಇದೂ ಸೇರಿದೆ.

ಧಾರವಾಡ ಜಿಲ್ಲೆಯ ಪಡುವಣದಲ್ಲಿ ಕಲಘಟಗಿ, ಅಳ್ನಾವರಗಳ ಅರೆಮಲೆನಾಡು. ಮೂಡಣದಲ್ಲಿ ನವಲಗುಂದ, ಕುಂದಗೋಳಗಳ ಎರೆಭೂಮಿ. ಎರಡೂ ಕಡೆ ಮಣ್ಣಿನ ಗೋಡೆ, ಮೇವಿನ ಬಣವೆ, ಕಟ್ಟಿಗೆಯ ರಾಶಿ, ಇಲಿಯ ಬಿಲಗಳು ಕಟ್ಟುಹಾವಿಗೆ ಒಪ್ಪುವ ನೆಲೆಗಳು. ಇಲಿ, ಹಲ್ಲಿ, ಕಪ್ಪೆ, ಇತರ ಹಾವುಗಳೇ ಇದರ ಆಹಾರ. ಹಗಲೆಲ್ಲ ಜಡವಾಗಿರುವ ಇದು ರಾತ್ರಿ ಬೇಟೆಗೆ ಹೊರಟಾಗ ಚುರುಕಾಗುತ್ತದೆ. ಪಡಸಾಲೆಯ ನೆಲದಲ್ಲಿ ಮಲಗಿದವರು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಾಗ ಕಡಿತಕ್ಕೆ ಗುರಿಯಾಗುವುದುಂಟು.

ಈ ಹಾವನ್ನು ಹೋಲುವ ವಿಷರಹಿತ ತೋಳಹಾವು ಗೊಂದಲವನ್ನು ಹೆಚ್ಚಿಸುತ್ತದೆ. ತೋಳಹಾವಿನ ಪಟ್ಟೆಗಳು ಕತ್ತಿನ ಕಡೆ ಸ್ಪಷ್ಟವಾಗಿದ್ದು ಬಾಲದತ್ತ ಮಸುಕಾಗುತ್ತವೆ. ಕಟ್ಟುಹಾವಿನ ಹೊಳೆಯುವ ಕಪ್ಪು ಮೈಯಲ್ಲಿ ತೆಳುವಾದ ಬಿಳಿಪಟ್ಟೆಗಳು ಹೆಚ್ಚಾಗಿ ಜೋಡಿಯಾಗಿದ್ದು, ಮುಂಭಾಗದಲ್ಲಿ ಅಸ್ಪಷ್ಟವಾಗಿರುತ್ತವೆ. ಬೆನ್ನಿನ ನಡುಸಾಲಿನ ಹುರುಪೆಗಳು ದೊಡ್ಡವಾಗಿ ಷಟ್ಕೋನಾಕಾರದಲ್ಲಿರುತ್ತವೆ. ಆದರೆ ಕತ್ತಲೆಯಲ್ಲಿ ಈ ಲಕ್ಷಣಗಳನ್ನು ನಂಬಿ ನಿರ್ಧರಿಸುವುದು ಅಪಾಯಕರ.

ಕಟ್ಟುಹಾವಿನ ನಿಜವಾದ ಅಪಾಯವಿರುವುದು ಅದರ ಕಡಿತದ ಸೌಮ್ಯತೆಯಲ್ಲಿ. ಹಲ್ಲುಗಳು ಚಿಕ್ಕವು, ಗಾಯ ಕಾಣದಿರಬಹುದು, ಬಾವು, ನೋವು ಇಲ್ಲವೆನ್ನುವಷ್ಟು ಕಡಿಮೆ. ಬೆಳಗಿನ ಜಾವ ಹೊಟ್ಟೆನೋವಿನಿಂದ ಎಚ್ಚರಗೊಂಡವರು ಅದನ್ನು ಅಜೀರ್ಣವೆಂದು ಬಗೆಯುತ್ತಾರೆ. ಆ ಹೊತ್ತಿಗೆ ವಿಷವು ನರಗಳ ತುದಿಗಳನ್ನು ಸೇರಿ, ಸ್ನಾಯುಗಳಿಗೆ ಸಂದೇಶ ತಲುಪುವುದನ್ನು ತಡೆಯತೊಡಗಿರುತ್ತದೆ. ರೆಪ್ಪೆಗಳು ಜೋತುಬೀಳುತ್ತವೆ, ನುಂಗುವುದು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಹಾಳಾದ ನರತುದಿಗಳನ್ನು ಪ್ರತಿವಿಷವು ಸರಿಪಡಿಸಲಾರದು. ಅವು ತಾವಾಗಿ ಚೇತರಿಸಿಕೊಳ್ಳುವವರೆಗೆ, ಹಲವು ದಿನಗಳ ಕಾಲ, ಕೃತಕ ಉಸಿರಾಟವೇ ರೋಗಿಗೆ ಆಸರೆ. ಆದುದರಿಂದ ಪ್ರತಿವಿಷವನ್ನು ಬೇಗ ಕೊಟ್ಟಷ್ಟೂ ಪ್ರಯೋಜನ ಹೆಚ್ಚು.

ದೂರದ ಹೊಲಮನೆಗಳಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳನ್ನು ತಲುಪಲು ಸಮಯ ಬೇಕು. ನೋವು ಬರಲೆಂದು ಕಾಯುವುದು, ಮಂತ್ರ, ನಾಟಿಮದ್ದು, ಬಿಗಿಕಟ್ಟು, ಕೊಯ್ತಗಳಲ್ಲಿ ಗಳಿಗೆಗಳನ್ನು ಕಳೆಯುವುದು ಪ್ರಾಣಕ್ಕೇ ಎರವಾಗುತ್ತದೆ. 2020ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು 2000ದಿಂದ 2019ರವರೆಗೆ ಭಾರತದಲ್ಲಿ ಹಾವುಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತರೆಂದು ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು.

ನಿವಾರಣೆಯ ಮಾರ್ಗಗಳು ಸರಳವಾಗಿವೆ. ನೆಲಬಿಟ್ಟು ಮಂಚದ ಮೇಲೆ ಮಲಗುವುದು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸುವುದು, ಕಟ್ಟಿಗೆಯ ರಾಶಿಯನ್ನು ಗೋಡೆಯಿಂದ ದೂರವಿಡುವುದು, ರಾತ್ರಿ ದೀಪ ಹಿಡಿದು ನಡೆಯುವುದು. ನೇಪಾಳದ ತೆರಾಯಿ ಪ್ರದೇಶದ ಅಧ್ಯಯನವೊಂದು ಸೊಳ್ಳೆಪರದೆಯು ಹಾವುಕಡಿತದಿಂದಲೂ ರಕ್ಷಿಸುತ್ತದೆಂಬುದನ್ನು ತೋರಿಸಿದೆ. ಇಲಿಗಳನ್ನು ತಿಂದು ರೈತನಿಗೆ ಉಪಕರಿಸುವ ಈ ಜೀವಿಯನ್ನು ಕಂಡಕಂಡಲ್ಲಿ ಕೊಲ್ಲಬೇಕಾಗಿಲ್ಲ. ಮುಟ್ಟದೆ ದೂರ ಸರಿಯುವುದು, ಕಡಿತದ ಶಂಕೆ ಬಂದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೊರಡುವುದು, ಈ ಎರಡು ವಿವೇಕಗಳಿದ್ದರೆ ಸಾಕು.